ಕೆಂಚಿಯ ಕಾಟ: ಒಂದು ಹೇಂಟೆ ಉಳಿದವನ್ನೆಲ್ಲ ಕುಕ್ಕಿ ಗಾಯ ಮಾಡುತ್ತಿದೆ, ಏನು ಮಾಡಲಿ?

ಏಳು ಕೋಳಿ ಒಂದು ತಲೆನೋವು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ನೀವೆಲ್ಲ ಬರೆದದ್ದನ್ನು ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬಾಯಿ ಬಿಡಲೇಬೇಕಾಗಿದೆ.

ಹಿತ್ತಿಲಲ್ಲಿ ಏಳು ಹೇಂಟೆ ಸಾಕಿದ್ದೇನೆ. ಹುಂಜ ಇಲ್ಲ. ಐದು ಹಳೆಯವು, ಮರಿಯಿಂದಲೂ ಜೊತೆಗೇ ಬೆಳೆದವು, ಈಗ ಎರಡು ವರ್ಷ. ಇನ್ನೆರಡು ಹೊಸವು. ಐದು ತಿಂಗಳ ಪ್ರಾಯ, ಇನ್ನೂ ಮೊಟ್ಟೆಗೆ ಬಂದಿಲ್ಲ. ತಂದು 12 ದಿನ ಆಯಿತು. ತಂದ ದಿನವೇ ಹಳೆಯವುಗಳ ಜೊತೆ ಬಿಟ್ಟೆ.

ತಂಟೆ ಮಾಡುತ್ತಿರುವುದು ಕೆಂಚಿ. ಕೆಂಪು ಮೈ, ದಪ್ಪ ಕಾಲು, ಜುಟ್ಟು ಎಡಗಣ್ಣಿನ ಮೇಲೆ ವಾಲಿಕೊಂಡಿರುತ್ತೆ, ಟೋಪಿ ಓರೆಯಾಗಿ ಹಾಕಿಕೊಂಡ ಹಾಗೆ. ಮೊದಲಿಂದಲೂ ಯಜಮಾನಿಕೆ ಅವಳದ್ದೇ. ಆದರೆ ಈಗ ಅತಿಯಾಯಿತು. ಕಾಳಿನ ತಟ್ಟೆ ಇಟ್ಟರೆ ಒಂದು ಕಾಲನ್ನು ತಟ್ಟೆಯೊಳಗೇ ಊರಿ ನಿಲ್ಲುತ್ತಾಳೆ. ಹೊಸವು ಹತ್ತಿರ ಬಂದರೆ ಟಕ್ ಅಂತ ಒಂದು. ಅಟ್ಟಿಸಿಕೊಂಡು ಹೋಗಿ ಬೇಲಿ ಮೂಲೆಗೆ ಒತ್ತುತ್ತಾಳೆ. ಹೊಸದರಲ್ಲಿ ಚಿಕ್ಕದು ಚುಕ್ಕಿ. ಅದು ಇಡೀ ದಿನ ಮೊಟ್ಟೆ ಪೆಟ್ಟಿಗೆಯ ಹಿಂದೆ ಅಡಗಿ ಕೂತಿರುತ್ತೆ. ನಿನ್ನೆ ಹಿಡಿದು ನೋಡಿದರೆ ಬಾಲದ ಬುಡದಲ್ಲಿ ಪುಕ್ಕವೇ ಇಲ್ಲ. ಚರ್ಮ ಕೆಂಪಗಾಗಿದೆ, ಒಂದು ಕಡೆ ರಕ್ತ ಒಸರಿ ಒಣಗಿದೆ. ಹಳೆಯವಳೇ ಆದ ಬೆಳ್ಳಿಯ ಬೆನ್ನೂ ಬೋಳಾಗುತ್ತಾ ಬಂದಿದೆ.

ನನ್ನನ್ನೂ ಬಿಡುವುದಿಲ್ಲ. ಮೊಟ್ಟೆ ತೆಗೆಯಲು ಕೈ ಹಾಕಿದರೆ ಕುಕ್ಕುತ್ತಾಳೆ.

ಪೊರಕೆ ತೋರಿಸಿದೆ. ನೀರು ಎರಚಿದೆ. ಯಾರೋ ಹೇಳಿದರು ಅಂತ ಹಿಡಿದು ನೆಲಕ್ಕೆ ಒತ್ತಿಯೂ ನೋಡಿದೆ. ಬಿಟ್ಟ ತಕ್ಷಣ ಮೈ ಕೊಡವಿಕೊಂಡು ಸೀದಾ ಹೋಗಿ ಚುಕ್ಕಿಗೇ ಒಂದು ಬಿಟ್ಟಳು. ಮನೆಯವರು "ಯಾರಿಗಾದರೂ ಕೊಟ್ಟುಬಿಡು" ಅಂತಾರೆ. ಮಗ ಒಪ್ಪುವುದಿಲ್ಲ. ಕೆಂಚಿ ಮರಿಯಾಗಿದ್ದಾಗ ಅವನ ಅಂಗಿ ಜೇಬಿನಲ್ಲೇ ಅರ್ಧ ದಿನ ಕಳೆದವಳು.

ಗೂಡು 4 ಅಡಿಗೆ 5 ಅಡಿ. ಮುಂದೆ ಜಾಲರಿ ಹಾಕಿದ ಅಂಗಳ 6 ಅಡಿಗೆ 8 ಅಡಿ. ಮೊದಲು ಮಧ್ಯಾಹ್ನದ ಮೇಲೆ ಹಿತ್ತಿಲಿಗೆಲ್ಲ ಬಿಡುತ್ತಿದ್ದೆ. ಸೊಪ್ಪಿನ ಮಡಿ ಹಾಕಿದ ಮೇಲೆ ಒಂದು ತಿಂಗಳಿಂದ ಬಿಟ್ಟಿಲ್ಲ, ಎಲ್ಲ ಕೆದರಿ ಹಾಕುತ್ತವೆ. ಕೆಂಚಿಯನ್ನು ಸರಿ ಮಾಡುವ ದಾರಿ ಇದೆಯಾ? ಇಲ್ಲ, ಬೇರೆ ದಾರಿಯೇ ಇಲ್ಲವಾ?

ತರಲೆ ತಮ್ಮ:

ಅಕ್ಕಾ, ಕೆಂಚಿಗೆ ಒಂದು ಸಲ ಅಡುಗೆಮನೆ ತೋರಿಸಿ. ಉಳಿದ ಆರೂ ಸರಿಹೋಗುತ್ತವೆ.

ಏಳು ಕೋಳಿ ಒಂದು ತಲೆನೋವು:

ಈ ಸಲಹೆ ಮನೆಯಲ್ಲೂ ಬಂತು. ಕೆಂಚಿ ಅಡುಗೆಮನೆಗೆ ಹೋದರೆ ಮಗ ಮನೆ ಬಿಟ್ಟು ಹೋಗುತ್ತಾನಂತೆ.

ಹಳೇ ಹುಂಜ:

ತಮಾಷೆ ಆಮೇಲೆ. ಮೊದಲು ಚುಕ್ಕಿಯನ್ನು ಬೇರೆ ಮಾಡಿ. ನಾಳೆ ಅಲ್ಲ, ಇವತ್ತೇ. ಕೋಳಿ ಕಣ್ಣಿಗೆ ಕೆಂಪು ಬಿದ್ದರೆ ಕೊಕ್ಕು ಸುಮ್ಮನಿರುವುದಿಲ್ಲ. ರಕ್ತದ ಒಂದು ಚುಕ್ಕೆ ಕಂಡರೆ ಸಾಧು ಕೋಳಿಯೂ ಬಂದು ಕುಕ್ಕುತ್ತೆ. ಒಂದು ಕುಕ್ಕಿದ್ದನ್ನು ನೋಡಿ ಇನ್ನೊಂದು ಕಲಿಯುತ್ತೆ. ರುಚಿ ಹತ್ತಿದರೆ ಒಂದೇ ಮಧ್ಯಾಹ್ನದಲ್ಲಿ ಬಾಲದ ಕೆಳಗೆ ತೂತು ಮಾಡಿ ಕೊಂದೇ ಹಾಕುತ್ತವೆ. ಹೆದರಿಸಲು ಹೇಳುತ್ತಿಲ್ಲ. ನನ್ನ ಕೈಯಲ್ಲೇ ಹೀಗೆ ಒಂದು ಹೋಗಿದೆ. ಬೆಳಿಗ್ಗೆ ಸಣ್ಣ ಗೀರು ನೋಡಿದೆ, ಸಂಜೆ ನೋಡೋಣ ಅಂದುಕೊಂಡೆ. ಸಂಜೆ ನೋಡಲು ಏನೂ ಉಳಿದಿರಲಿಲ್ಲ.

ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಚಮಚ ಉಪ್ಪು ಹಾಕಿ ಗಾಯ ತೊಳೆಯಿರಿ. ಟೀ ಚಮಚ, ಊಟದ ಚಮಚ ಅಲ್ಲ. ಗಾಯ ಆಳ ಇದ್ದರೆ, ಕೀವು ಇದ್ದರೆ, ಕೋಳಿ ಮೇವು ಬಿಟ್ಟು ಮಂಕಾಗಿದ್ದರೆ ಪಶು ವೈದ್ಯರಿಗೆ ತೋರಿಸಿ. ಚುಕ್ಕಿಯ ಪಂಜರವನ್ನು ಆ ಅಂಗಳದಲ್ಲೇ ಇಡಿ. ಉಳಿದವಕ್ಕೆ ಅದು ಕಾಣಬೇಕು, ಕೊಕ್ಕು ಮಾತ್ರ ತಾಗಬಾರದು. ಕಣ್ಣಿಗೆ ಕಾಣದ ಕಡೆ ಒಂದು ವಾರ ಇಟ್ಟರೆ ವಾಪಸ್ ಬಂದಾಗ ಮತ್ತೆ ಹೊಸಬಳೇ, ಮತ್ತೆ ಮೊದಲಿಂದ ಶುರು. ಆದರೆ ಹಸಿ ಗಾಯ ಬೇರೆಯವುಗಳ ಕಡೆ ತಿರುಗದಂತೆ ಒಂದು ಬದಿಗೆ ಹಲಗೆ ಅಡ್ಡ ಇಡಿ.

ಈಗ ನನ್ನ ಪ್ರಶ್ನೆ. ಕೆಂಚಿ ಚುಕ್ಕಿಯ ತಲೆಗೆ ಕುಕ್ಕುತ್ತಾಳೆ ಅಂದಿರಾ, ಬಾಲಕ್ಕೆ ಕುಕ್ಕುತ್ತಾಳೆ ಅಂದಿರಾ? ಗಾಯ ಇರುವುದು ಬಾಲದಲ್ಲಿ. ಕೆಂಚಿ ಪುಕ್ಕ ಕಿತ್ತದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ, ಇಲ್ಲ ಅವಳ ಸ್ವಭಾವ ನೋಡಿ ಅವಳೇ ಇರಬೇಕು ಅಂದುಕೊಂಡಿರಾ?

ಒಂದು ಕೆಲಸ ಮಾಡಿ. ನಾಳೆ ಅರ್ಧ ಗಂಟೆ ಅಂಗಳದ ಪಕ್ಕ ಕೂತುಕೊಳ್ಳಿ. ಪೊರಕೆ ಬೇಡ, ಮೊಬೈಲ್ ಬೇಡ. ಮೊದಲ ಹತ್ತು ನಿಮಿಷ ಅವು ನಿಮ್ಮನ್ನೇ ನೋಡುತ್ತವೆ, ಅದು ಲೆಕ್ಕಕ್ಕಿಲ್ಲ. ಆಮೇಲೆ ಯಾರು ಯಾರನ್ನು ಎಲ್ಲಿಗೆ ಕುಕ್ಕಿದರು ಅಂತ ಬರೆದುಕೊಳ್ಳಿ.

ಮೂರು ಗೂಡು:

ಇಷ್ಟೆಲ್ಲ ಯಾಕೆ? ಕೆಂಚಿಯನ್ನೇ ಎತ್ತಿ ನಾಲ್ಕೈದು ದಿನ ಒಂಟಿಯಾಗಿ ಇಡಿ, ಉಳಿದವು ಕಾಣದ ಜಾಗದಲ್ಲಿ. ಅವಳಿಲ್ಲದಾಗ ಉಳಿದವು ತಮ್ಮೊಳಗೇ ಮೇಲು ಕೆಳಗು ತೀರ್ಮಾನ ಮಾಡಿಕೊಳ್ಳುತ್ತವೆ. ವಾಪಸ್ ಬಂದಾಗ ಅವಳೇ ಹೊಸಬಳು, ಕೆಳಗಿನ ಮೆಟ್ಟಿಲು. ನಮ್ಮಲ್ಲಿ ಹೀಗೇ ಒಂದು ರೌಡಿ ಹೇಂಟೆ ಇತ್ತು. ಐದು ದಿನ ಒಳಗಿಟ್ಟೆ. ಬಂದ ಮೇಲೆ ಎರಡು ದಿನ ಮುಖ ತಗ್ಗಿಸಿಕೊಂಡು ಓಡಾಡಿತು, ಆಮೇಲೆ ತಣ್ಣಗಾಯಿತು.

ಹಳೇ ಹುಂಜ:

ಮೂರು ಗೂಡು ಅವರೇ, ನೀವು ಹೇಳಿದ್ದು ಕೆಲಸ ಮಾಡುತ್ತೆ, ನಾನೂ ಮಾಡಿದ್ದೇನೆ. ಆದರೆ ಅದು ಅಧಿಕಾರದ ಜಗಳಕ್ಕೆ ಮದ್ದು. ಇಲ್ಲಿ ಜಗಳ ಅಧಿಕಾರದ್ದೋ ಬೇರೇನೋ ಅಂತಲೇ ಇನ್ನೂ ಗೊತ್ತಿಲ್ಲ. ಒಬ್ಬಳನ್ನು ಜೈಲಿಗೆ ಹಾಕುವ ಮೊದಲು ಸಾಕ್ಷಿ ಬೇಡವಾ?

ರೆಕ್ಕೆಪುಕ್ಕ:

ಹಳೇ ಹುಂಜ ಅವರ ಪ್ರಶ್ನೆಗೆ ಒಂದು ಮಾತು ಸೇರಿಸುತ್ತೇನೆ. ಕುಕ್ಕುವುದರಲ್ಲಿ ಎರಡು ಜಾತಿ ಇದೆ. ನೋಡಲು ಒಂದೇ ಥರ, ಕಾರಣ ಬೇರೆ ಬೇರೆ.

ಒಂದು, ಯಾರು ದೊಡ್ಡವರು ಅಂತ ತೋರಿಸುವ ಕುಕ್ಕು. ಇದು ತಲೆಗೆ, ಜುಟ್ಟಿಗೆ, ಕತ್ತಿಗೆ ಬೀಳುತ್ತೆ. ಎದುರಿಗೆ ನಿಂತು, ಕತ್ತು ಎತ್ತಿ, ಮೇಲಿಂದ ಕೆಳಕ್ಕೆ. ಕೆಳಗಿನದು ತಲೆ ತಗ್ಗಿಸಿ ಜಾಗ ಬಿಟ್ಟರೆ ಅಲ್ಲಿಗೆ ಮುಗಿಯಿತು. ನಾರ್ವೆಯ ಥೋರ್ಲೀಫ್ ಶೆಲ್ಡರುಪ್ ಎಬ್ಬೆ ಅನ್ನುವವರು ಚಿಕ್ಕ ಹುಡುಗನಾಗಿದ್ದಾಗಿಂದಲೇ ಕೋಳಿಗಳನ್ನು ನೋಡಿ ನೋಡಿ ಬರೆದಿಟ್ಟುಕೊಂಡವರು. ಯಾವುದು ಯಾವುದನ್ನು ಕುಕ್ಕುತ್ತೆ ಅನ್ನುವುದಕ್ಕೆ ಒಂದು ಸಾಲು ಇದೆ ಅಂತ 1921ರಲ್ಲಿ ಮಂಡಿಸಿದರು. ಇಂಗ್ಲಿಷಿನಲ್ಲಿ ಅದಕ್ಕೆ "ಪೆಕಿಂಗ್ ಆರ್ಡರ್" ಅಂತಾರೆ, ಕುಕ್ಕುವ ಸಾಲು ಅಂತ. ಇವತ್ತು ಆಫೀಸಿನ ರಾಜಕೀಯಕ್ಕೂ ಜನ ಅದೇ ಮಾತು ಬಳಸುತ್ತಾರೆ. ಆ ಸಾಲು ಗಟ್ಟಿಯಾದ ಹಿಂಡಿನಲ್ಲಿ ಜಗಳ ಕಮ್ಮಿ. ಒಂದು ಕೋಳಿ ಬಂದರೂ ಹೋದರೂ ಸಾಲು ಅಲುಗಾಡುತ್ತೆ, ಆಗ ಮತ್ತೆ ಕುಕ್ಕಾಟ.

ಇನ್ನೊಂದು, ಪುಕ್ಕ ಕೀಳುವ ಚಟ. ಇದರಲ್ಲಿ ಸಿಟ್ಟೇ ಇರುವುದಿಲ್ಲ. ನೆಲ ಕೆದಕಿ ಹುಳ ಹುಪ್ಪಟೆ ಹುಡುಕಬೇಕಾದ ಕೊಕ್ಕಿಗೆ ನೆಲದಲ್ಲಿ ಏನೂ ಸಿಗದಿದ್ದಾಗ ಪಕ್ಕದ ಕೋಳಿಯ ಮೈಯನ್ನೇ ಕೆದಕುತ್ತೆ. ಬೆನ್ನು, ಬಾಲದ ಬುಡ, ಬಾಲದ ಕೆಳಗೆ. ಹಿಂದಿನಿಂದ, ಸದ್ದಿಲ್ಲದೆ. ಇದನ್ನು ಮಾಡುವುದು ಹಿಂಡಿನ ರೌಡಿಯೇ ಆಗಿರಬೇಕು ಅಂತೇನಿಲ್ಲ.

ಮೇವು ಏನು ಹಾಕುತ್ತೀರಿ? ರಾತ್ರಿ ಟಾರ್ಚ್ ಹಿಡಿದು ಕೋಳಿ ಕೂರುವ ಕೋಲಿನ ಅಡಿ ನೋಡಿದ್ದೀರಾ? ಕೆಂಪು ನುಸಿ ಹಗಲು ಸಂದಿಯಲ್ಲಿ ಅಡಗಿ ರಾತ್ರಿ ಹತ್ತಿ ರಕ್ತ ಕುಡಿಯುತ್ತೆ. ನಿದ್ದೆಗೆಟ್ಟ ಕೋಳಿ ಹಗಲೆಲ್ಲ ಸಿಡಿಮಿಡಿ. ಕತ್ತಲಾದ ಮೇಲೆ ಬಿಳಿ ಕಾಗದ ತೆಗೆದುಕೊಂಡು ಕೋಲಿನ ತುದಿ ಗೋಡೆಗೆ ಸೇರುವ ಕಡೆ ಒರೆಸಿ. ಕೆಂಪು ಗೆರೆ ಮೂಡಿದರೆ ನುಸಿ ಇದೆ ಅಂತ ಅರ್ಥ.

ಚಪ್ಪಲಿ ಕಳಕೊಂಡವನು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಒಂದು ಹೇಂಟೆ ಬೇರೆ ಕೋಳಿಗಳ ತಂಟೆಗೆ ಹೋಗಲ್ಲ, ನನ್ನ ಕಾಲ್ಬೆರಳಿಗೇ ಬೀಳುತ್ತೆ. ಅದಕ್ಕೇನು ಮದ್ದು?

ಹಳೇ ಹುಂಜ:

ಬೂಟು.

ಸುಮ್ನೆ ಹೇಳಿದ್ದಲ್ಲ. ಬರಿಗಾಲಿನ ಉಗುರು, ಮಚ್ಚೆ, ಹೊಳೆಯುವ ಬಕಲ್, ಕೋಳಿಗೆ ಎಲ್ಲವೂ ಕಾಳೇ. ಒಂದು ಸಲ ನೀವು ಹಾರಿ ಹಿಂದೆ ಸರಿದಿರಿ ಅಂದರೆ ಅದಕ್ಕೆ ಗೆದ್ದ ಹಾಗೆ. ಒದೆಯಬೇಡಿ, ಓಡಬೇಡಿ. ನಿಂತಲ್ಲೇ ನಿಂತು ಕಾಳನ್ನು ಕಾಲಿನಿಂದ ದೂರಕ್ಕೆ ಎರಚಿ. ಕೈಯಿಂದಲೇ ತಿನ್ನಿಸಿ ರೂಢಿ ಮಾಡಿದವರ ಕಾಲನ್ನೇ ಇವು ಜಾಸ್ತಿ ಹುಡುಕುವುದು.

ಏಳು ಕೋಳಿ ಒಂದು ತಲೆನೋವು:

ಕೂತೆ. ನಲವತ್ತು ನಿಮಿಷ ಬಕೆಟ್ ಬೋರಲು ಹಾಕಿಕೊಂಡು ಕೂತೆ. ಎದ್ದಾಗಿಂದ ಮನಸ್ಸು ಸರಿಯಿಲ್ಲ.

ಕೆಂಚಿ ಕುಕ್ಕಿದ್ದು 11 ಸಲ. ಹನ್ನೊಂದೂ ತಲೆಗೆ, ಇಲ್ಲವೇ ಕತ್ತಿಗೆ. ಏಳು ಸಲ ಹೊಸದರಲ್ಲಿ ದೊಡ್ಡದಕ್ಕೆ (ಚುಕ್ಕಿ ಪಂಜರದಲ್ಲಿದೆ), ನಾಲ್ಕು ಸಲ ಹಳೆಯವಕ್ಕೆ. ಎಲ್ಲವೂ ಕಾಳಿನ ತಟ್ಟೆಯ ಹತ್ತಿರವೇ. ಒಂದು ಟಕ್, ಅದು ತಲೆ ತಗ್ಗಿಸಿ ಪಕ್ಕಕ್ಕೆ ಹೋಯಿತು, ಇವಳು ಮತ್ತೆ ತಿನ್ನಲು ಶುರು. ಪುಕ್ಕಕ್ಕೆ ಒಂದು ಸಲವೂ ಬಾಯಿ ಹಾಕಲಿಲ್ಲ.

ಬೆಳ್ಳಿ ನೀರು ಕುಡಿಯುತ್ತಿದ್ದಳು. ಹಿಂದೆ ಬೂದಿ ಬಂದು ನಿಂತಳು. ಬೂದಿ ಅಂದರೆ ನಮ್ಮ ಮನೆಯ ಸಾಧು, ಕರೆದರೆ ಬಂದು ನನ್ನ ತೊಡೆ ಮೇಲೆ ಕೂರುವವಳು, ಯಾರಿಗೂ ಎದುರು ನಿಲ್ಲದವಳು. ತಲೆ ಒಂದು ಪಕ್ಕಕ್ಕೆ ಓರೆ ಮಾಡಿ ಬೆಳ್ಳಿಯ ಬೆನ್ನನ್ನು ನೋಡಿದಳು. ನಾವು ಬಟ್ಟೆಯ ಮೇಲಿನ ಎಳೆ ತೆಗೆಯುವ ಮೊದಲು ನೋಡುತ್ತೇವಲ್ಲ, ಹಾಗೆ. ಕೊಕ್ಕಿನ ತುದಿಯಿಂದ ಎರಡು ಪುಕ್ಕ ಸರಿಸಿ, ನಡುವಿನ ಒಂದು ಸಣ್ಣದನ್ನು ಹಿಡಿದು ಎಳೆದಳು. ಬರಲಿಲ್ಲ. ಮತ್ತೆ ಎಳೆದಳು. ಬಂತು. ಅದನ್ನು ಬಾಯಲ್ಲಿ ಉದ್ದಕ್ಕೆ ತಿರುಗಿಸಿಕೊಂಡು ನುಂಗಿದಳು! ಬೆಳ್ಳಿ ಒಂದು ಸಲ ಮೈ ಝಾಡಿಸಿ ಮತ್ತೆ ನೀರಿಗೆ ಬಗ್ಗಿದಳು, ಅಷ್ಟೇ. ನಲವತ್ತು ನಿಮಿಷದಲ್ಲಿ ಬೂದಿ ಹೀಗೆ ಆರು ಸಲ ಮಾಡಿದಳು. ಒಂದು ಸಲವೂ ಗಲಾಟೆ ಇಲ್ಲ, ಕೂಗಿಲ್ಲ.

ಎರಡು ವಾರ ಪೊರಕೆ ಹಿಡಿದು ನಾನು ಓಡಿಸಿದ್ದು ಕೆಂಚಿಯನ್ನು. ಅದೇ ಹೊತ್ತಿಗೆ ಬೂದಿಯನ್ನು ತೊಡೆ ಮೇಲೆ ಕೂರಿಸಿಕೊಂಡು ತಲೆ ಸವರಿದ್ದೆ.

ಮೇವಿನ ವಿಷಯ: ಮೊಟ್ಟೆ ಕೋಳಿಯ ಮೇವೇ ಹಾಕುತ್ತಿದ್ದೆ. ಸ್ವಲ್ಪ ದಿನದಿಂದ ಉಳಿತಾಯಕ್ಕೆ ಅಂತ ಅರ್ಧಕ್ಕೆ ಅರ್ಧ ಮುಸುಕಿನ ಜೋಳದ ನುಚ್ಚು ಬೆರೆಸುತ್ತಿದ್ದೇನೆ. ರಾತ್ರಿ ಕಾಗದ ಒರೆಸಿ ನೋಡಿದೆ, ಬೆಳ್ಳಗೇ ಬಂತು.

ತರಲೆ ತಮ್ಮ:

ಕೆಂಚಿಗೆ ನನ್ನ ಕಡೆಯಿಂದ ಕ್ಷಮೆ ಕೇಳಿದೆ ಅಂತ ಹೇಳಿ ಅಕ್ಕಾ.

ರೆಕ್ಕೆಪುಕ್ಕ:

ಅರ್ಧಕ್ಕೆ ಅರ್ಧವಾ? ಅಲ್ಲೇ ಇದೆ ನೋಡಿ ಅರ್ಧ ಉತ್ತರ. ಮೊಟ್ಟೆ ಕೋಳಿಯ ಮೇವಿನಲ್ಲಿ ಪ್ರೋಟೀನ್ ಸುಮಾರು ನೂರಕ್ಕೆ 16 ಇರುತ್ತೆ. ಜೋಳದಲ್ಲಿ ಎಂಟೋ ಒಂಬತ್ತೋ. ಸಮ ಸಮ ಬೆರೆಸಿದರೆ 12ರ ಹತ್ತಿರ ಇಳಿಯಿತು. ದಿನಾ ಮೊಟ್ಟೆ ಇಡುವ ಮೈಗೆ ಅದು ಸಾಲದು. ಪುಕ್ಕ ಅಂದರೆ ಬಹುಪಾಲು ಪ್ರೋಟೀನೇ. ಮೇವಿನಲ್ಲಿ ಸಿಗದ್ದನ್ನು ಬೂದಿ ಬೆಳ್ಳಿಯ ಬೆನ್ನಿನಲ್ಲಿ ಹುಡುಕುತ್ತಿದ್ದಾಳೆ ಅನ್ನಬಹುದು. ಇದೊಂದೇ ಕಾರಣ ಅನ್ನಲಾರೆ, ಆದರೆ ಮೊದಲು ಮುಚ್ಚಬೇಕಾದ ತೂತು ಇದು.

ನುಚ್ಚು ನಿಲ್ಲಿಸಿ. ಬೇಕಿದ್ದರೆ ಸಂಜೆ ಒಂದು ಹಿಡಿ ನೆಲಕ್ಕೆ ಎರಚಿ, ಹುಡುಕಿ ತಿನ್ನಲಿ. ಇನ್ನೊಂದು ವಿಷಯ. ಚುಕ್ಕಿ ಇನ್ನೂ ಮೊಟ್ಟೆಗೆ ಬಂದಿಲ್ಲ ಅಂದಿರಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಜಾಸ್ತಿ, ಮೊಟ್ಟೆ ಇಡದ ಎಳೆಯ ಕೋಳಿಗೆ ಅದು ಒಳ್ಳೆಯದಲ್ಲ. ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವನ್ನೇ ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ. ಬೇಕಾದವು ತಿನ್ನುತ್ತವೆ, ಬೇಡದವು ಬಿಡುತ್ತವೆ.

ಹಳೇ ಹುಂಜ:

ಬೂದಿಯ ಮೇಲೆ ಸಿಟ್ಟಾಗಬೇಡಿ. ಅವಳಿಗೆ ಅದು ತಪ್ಪು ಅಂತ ಗೊತ್ತೇ ಇಲ್ಲ.

ನಿಮ್ಮ ಮೊದಲ ಬರಹವನ್ನು ಇನ್ನೊಮ್ಮೆ ಓದಿದೆ. ಒಂದು ತಿಂಗಳಿಂದ ಹಿತ್ತಿಲಿಗೆ ಬಿಟ್ಟಿಲ್ಲ ಅಂತ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ. ಬೆಳ್ಳಿಯ ಬೆನ್ನು ಬೋಳಾಗಲು ಶುರುವಾದದ್ದು ಯಾವಾಗ? ಹೊಸವು ಬರುವ ಮೊದಲೇ ಇರಬೇಕು, ಅಲ್ವಾ? ಹಾಗಿದ್ದರೆ ಹೊಸವು ಬಂದದ್ದರಿಂದ ಹುಟ್ಟಿದ ಕಾಯಿಲೆ ಅಲ್ಲ ಇದು. ಇಡೀ ದಿನ ಕೆದಕುತ್ತಾ ಕಳೆಯುವ ಪ್ರಾಣಿಯನ್ನು ತುಳಿದು ಗಟ್ಟಿಯಾದ 48 ಚದರ ಅಡಿ ನೆಲದಲ್ಲಿ ಕೂಡಿಹಾಕಿದಿರಿ. ಹತ್ತು ನಿಮಿಷದಲ್ಲಿ ಮೇವು ಮುಗಿಯುತ್ತೆ. ಉಳಿದ ಹೊತ್ತು ಕೊಕ್ಕು ಏನು ಮಾಡಬೇಕು?

ಲೆಕ್ಕವನ್ನೂ ನೋಡಿ. ಗೂಡಿನೊಳಗೆ ಕೋಳಿಗೆ 4 ಚದರ ಅಡಿ, ಹೊರಗೆ 8ರಿಂದ 10 ಅಂತ ಇಟ್ಟುಕೊಳ್ಳುವುದು ರೂಢಿ. ಏಳಕ್ಕೆ ಒಳಗೆ 28 ಬೇಕು, ನಿಮ್ಮದು 20. ಐದಕ್ಕೆ ಸರಿಯಾಗಿತ್ತು. ಹೊರಗೆ 56 ಆದರೂ ಬೇಕು. ಕೂರುವ ಕೋಲು ಎಷ್ಟು ಉದ್ದ? ಕೋಳಿಗೆ 8ರಿಂದ 10 ಇಂಚು ಬೇಕು. ಗೂಡಿನ ಅಗಲಕ್ಕೆ ಒಂದೇ ಕೋಲು ಇದ್ದರೆ ಸಂಜೆ ಆಗುವ ಗಲಾಟೆ ನನಗೆ ಇಲ್ಲಿಂದಲೇ ಕೇಳಿಸುತ್ತಿದೆ.

ಈಗ ಮಾಡಬೇಕಾದ್ದು. ಅಂಗಳದ ನೆಲವನ್ನು ಗುದ್ದಲಿಯಿಂದ ಸಡಿಲ ಮಾಡಿ ಮೇಲೆ ಒಣ ಎಲೆ, ಒಣಹುಲ್ಲು ಮೊಣಕೈ ಮುಳುಗುವಷ್ಟು ಸುರಿಯಿರಿ. ಅದರಲ್ಲಿ ಕಾಳು ಎರಚಿ. ಒಂದು ಮೂಲೆಯಲ್ಲಿ ಒಣ ಮಣ್ಣಿನ ಗುಂಡಿ ಇರಲಿ, ಹೊರಳಾಡಲು. ಸೊಪ್ಪಿನ ಕಟ್ಟನ್ನು ದಾರದಲ್ಲಿ ಅವುಗಳ ತಲೆ ಎತ್ತರಕ್ಕೆ ತೂಗುಹಾಕಿ. ನೆಲದ ಮೇಲಿಟ್ಟರೆ ಎರಡು ನಿಮಿಷ, ತೂಗುಹಾಕಿದರೆ ಅರ್ಧ ದಿನ. ಹಿತ್ತಿಲಿಗೆ ಬಿಡುವುದನ್ನು ಮತ್ತೆ ಶುರು ಮಾಡಿ. ಬೇಲಿ ಬೇಕಿರುವುದು ಕೋಳಿಗಲ್ಲ, ಸೊಪ್ಪಿನ ಮಡಿಗೆ. ಮಡಿಯ ಸುತ್ತ ಜಾಲರಿ ನಿಲ್ಲಿಸಿ.

ಕೆಂಚಿಗೆ ಇನ್ನೂ ಸುಲಭ. ಇನ್ನೊಂದು ತಟ್ಟೆ, ಇನ್ನೊಂದು ನೀರಿನ ಪಾತ್ರೆ. ಒಂದು ಕಡೆಯಿಂದ ಇನ್ನೊಂದು ಕಾಣದ ಹಾಗೆ ನಡುವೆ ಒಂದು ಹಲಗೆ ಅಡ್ಡ ನಿಲ್ಲಿಸಿ. ಒಬ್ಬಳು ಒಂದೇ ತಟ್ಟೆಯನ್ನು ಕಾಯಬಲ್ಲಳು, ಎರಡನ್ನಲ್ಲ. ಮೂಲೆಗಳಲ್ಲಿ ಓಡಿಹೋಗಲು ದಾರಿ ಇರಲಿ. ಬೇಲಿ ಮೂಲೆಗೆ ಒತ್ತಿದಾಗ ಚುಕ್ಕಿಗೆ ಸೋಲು ಒಪ್ಪಿಕೊಂಡು ದೂರ ಹೋಗಲು ಜಾಗವೇ ಇರಲಿಲ್ಲ. ಹೋಗದಿದ್ದರೆ ಕೆಂಚಿ ಎದುರು ನಿಂತಳು ಅಂದುಕೊಳ್ಳುತ್ತಾಳೆ, ಮತ್ತೆ ಕುಕ್ಕುತ್ತಾಳೆ.

ಮೂರು ಗೂಡು:

ಸರಿ, ಕೆಂಚಿ ಜೈಲಿಂದ ಹೊರಗೆ. ಹಾಗಾದರೆ ಬೂದಿಯನ್ನು ಒಳಗೆ ಹಾಕಬೇಕಲ್ಲ?

ಕೊಕ್ಕಿನ ತುದಿ ಕತ್ತರಿಸುವವರೂ ಇದ್ದಾರೆ, ಕಣ್ಣಿಗೆ ಪಟ್ಟಿ ಕಟ್ಟುವವರೂ ಇದ್ದಾರೆ. ಅದರ ಬಗ್ಗೆ ಏನಂತೀರಿ?

ಹಳೇ ಹುಂಜ:

ಕೊಕ್ಕು ಕತ್ತರಿಸುವುದು ಬೇಡವೇ ಬೇಡ. ಅದು ಉಗುರಲ್ಲ, ಒಳಗೆ ನರ ಇದೆ, ನೋವಾಗುತ್ತೆ. ಏಳು ಕೋಳಿ ಸಾಕುವವರಿಗೆ ಅದರ ಅಗತ್ಯವೂ ಇಲ್ಲ. ಕಣ್ಣುಪಟ್ಟಿಯಲ್ಲಿ ಎರಡು ಥರ. ಮೂಗಿನ ನಡುವೆ ಕಡ್ಡಿ ಚುಚ್ಚಿ ಕೂರಿಸುವುದು ಒಂದು, ಅದನ್ನು ಮುಟ್ಟಲೂ ಬೇಡಿ. ಮೂಗಿನ ಹೊಳ್ಳೆಗೆ ಸುಮ್ನೆ ಸಿಕ್ಕಿಸುವುದು ಇನ್ನೊಂದು. ಎದುರಿಗೆ ನೇರ ಕಾಣುವುದಿಲ್ಲ, ಪಕ್ಕಕ್ಕೆ ಕಾಣುತ್ತೆ, ಗುರಿ ಇಡಲು ಆಗುವುದಿಲ್ಲ. ಉಳಿದದ್ದೆಲ್ಲ ಮಾಡಿ ಸೋತರೆ ಮಾತ್ರ ನೋಡಿ.

ಬೂದಿಯನ್ನು ಒಂದು ವಾರ ಬೇರೆ ಇಡಬಹುದು, ಶಿಕ್ಷೆಗಲ್ಲ. ಉಳಿದವುಗಳ ಬೆನ್ನು ವಾಸಿಯಾಗಲಿ, ಹೊಸ ಮೇವು ಮೈಗೆ ಹತ್ತಲಿ ಅಂತ. ಅವಳ ಪಂಜರದಲ್ಲೂ ಹುಲ್ಲು, ಸೊಪ್ಪು ಇರಲಿ. ಬರಿ ಹಲಗೆ ಮೇಲೆ ಕೂರಿಸಿದರೆ ಚಟ ಇನ್ನೂ ಬಲಿಯುತ್ತೆ.

ಮರೆತಿದ್ದೆ. ಮುಂದೆ ಯಾವಾಗಲಾದರೂ ಹೊಸ ಕೋಳಿ ತಂದರೆ ತಂದ ದಿನವೇ ಬಿಡಬೇಡಿ. ಮೂರು ನಾಲ್ಕು ವಾರ ದೂರದಲ್ಲಿ ಬೇರೆ ಇಡಿ, ಕಾಯಿಲೆ ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತೆ. ಆಮೇಲೆ ಒಂದು ವಾರ ಜಾಲರಿಯ ಆಚೆ ಈಚೆ. ಆಮೇಲೆ ಸೇರಿಸಿ. ಈ ಸಲ ದೇವರು ದೊಡ್ಡವನು.

ಏಳು ಕೋಳಿ ಒಂದು ತಲೆನೋವು:

24 ದಿನ ಆಯಿತು. ಏನಾಯಿತು ಅಂತ ಹೇಳದಿದ್ದರೆ ತಪ್ಪಾಗುತ್ತೆ.

ಮೇವು ಬದಲಾಯಿಸಿದೆ. ಮನೆಯವರು ಒಂದು ಭಾನುವಾರ ಪೂರ್ತಿ ಸೊಪ್ಪಿನ ಮಡಿಗೆ ಜಾಲರಿ ಕಟ್ಟಿದರು. "ಕೋಳಿ ಹೊರಗೆ, ಸೊಪ್ಪು ಜೈಲಿನಲ್ಲಿ" ಅಂತ ಗೊಣಗುತ್ತಲೇ ಕಟ್ಟಿದರು. ಮಧ್ಯಾಹ್ನ ಎರಡರಿಂದ ಕತ್ತಲಾಗುವವರೆಗೆ ಏಳೂ ಹಿತ್ತಿಲಲ್ಲಿ. ಕೂರುವ ಕೋಲು ಇನ್ನೊಂದು ಹಾಕಿದೆವು. ಮೊದಲು ಸ್ವಲ್ಪ ಕೆಳಗೆ ಹಾಕಿದ್ದೆ. ಎಲ್ಲವೂ ಮೇಲಿನ ಕೋಲಿಗೇ ಗುದ್ದಾಡಿದವು. ಎರಡನ್ನೂ ಒಂದೇ ಎತ್ತರಕ್ಕೆ ತಂದ ಮೇಲೆ ಸುಮ್ಮನಾದವು.

ಹಳೇ ಹುಂಜ ಅವರೇ, ನೀವು ಕೇಳಿದ್ದು ಸರಿ. ಫೋನಿನಲ್ಲಿ ಹಳೆಯ ಫೋಟೋ ಹುಡುಕಿದೆ. ಹೊಸವು ಬರುವ ಎಂಟು ದಿನ ಮೊದಲು ಮಗ ತೆಗೆದದ್ದು ಒಂದಿದೆ. ಬೆಳ್ಳಿಯ ಬೆನ್ನಿನಲ್ಲಿ ಆಗಲೇ ಹೆಬ್ಬೆರಳು ಅಗಲದ ಬೋಳು. ನಾನು ಗಮನಿಸಿರಲೇ ಇಲ್ಲ.

ಚುಕ್ಕಿಯ ಗಾಯ ಒಂಬತ್ತು ದಿನಕ್ಕೆ ಒಣಗಿತು. ಆದರೆ ತಕ್ಷಣ ಬಿಡಲಿಲ್ಲ. ಹೊಸ ಪುಕ್ಕ ಸೂಜಿ ಸೂಜಿಯಾಗಿ ಬಂದಿತ್ತು, ನೀಲಿ ಬಣ್ಣಕ್ಕೆ, ಮುಟ್ಟಿದರೆ ಬೆಚ್ಚಗೆ. ರೆಕ್ಕೆಪುಕ್ಕ ಅವರಿಗೆ ಫೋಟೋ ಕಳಿಸಿದ್ದೆ. ಒಳಗೆ ರಕ್ತ ಹರಿಯುತ್ತಿರುತ್ತೆ, ಒಂದನ್ನು ಕಿತ್ತರೂ ಮತ್ತೆ ರಕ್ತ, ಬಿಚ್ಚಿಕೊಳ್ಳುವವರೆಗೆ ಕಾಯಿರಿ ಅಂದರು. ಕಾದೆ. ಹದಿನೆಂಟನೇ ದಿನ ರಾತ್ರಿ, ಎಲ್ಲವೂ ಕೋಲಿನ ಮೇಲೆ ಕಣ್ಣು ಮುಚ್ಚಿದ ಮೇಲೆ ಚುಕ್ಕಿಯನ್ನು ಎತ್ತಿ ದೊಡ್ಡ ಹೊಸಬಳ ಪಕ್ಕ ಕೂರಿಸಿದೆ. ಬೆಳಿಗ್ಗೆ ಐದೂವರೆಗೆ ಎದ್ದು ಗೂಡಿನ ಬಾಗಿಲಲ್ಲಿ ನಿಂತಿದ್ದೆ, ಏನಾದರೂ ಆದರೆ ಅಂತ. ಕೆಂಚಿ ಇಳಿದಳು, ಚುಕ್ಕಿಯ ತಲೆಗೆ ಒಂದು ಟಕ್ ಕೊಟ್ಟಳು, ತಟ್ಟೆಗೆ ಹೋದಳು. ಚುಕ್ಕಿ ಹಲಗೆಯ ಆಚೆಯ ತಟ್ಟೆಗೆ ಹೋಯಿತು. ಮುಗಿಯಿತು. ನನಗೆ ಕಾಫಿ ಮಾಡಿಕೊಳ್ಳಲು ಹೊತ್ತು ಸಿಕ್ಕಿತು.

ಬೂದಿಯ ಚಟ ಪೂರ್ತಿ ಹೋಗಿಲ್ಲ. ಮಳೆ ಬಂದು ಅಂಗಳದೊಳಗೇ ಇದ್ದ ದಿನ ಮತ್ತೆ ಬೆಳ್ಳಿಯ ಹಿಂದೆ ಹೋಗಿ ನಿಂತಳು. ಸೊಪ್ಪಿನ ಕಟ್ಟು ತೂಗುಹಾಕಿದೆ, ಅತ್ತ ಹೋದಳು. ಬೆಳ್ಳಿಯ ಬೆನ್ನಿನಲ್ಲಿ ಕೆಲವು ಕಡೆ ಪುಕ್ಕ ಬರುತ್ತಿದೆ, ಕೆಲವು ಕಡೆ ಏನೂ ಇಲ್ಲ. ಯಾಕೆ?

ರೆಕ್ಕೆಪುಕ್ಕ:

ಬುಡಸಮೇತ ಕಿತ್ತ ಕಡೆ ಬೇಗ ಬರುತ್ತೆ. ಅರ್ಧಕ್ಕೆ ಮುರಿದ ಕಡೆ ಬುಡದ ಕಡ್ಡಿ ಚರ್ಮದಲ್ಲೇ ಉಳಿದಿರುತ್ತೆ. ಅದು ತಾನಾಗಿ ಉದುರುವವರೆಗೆ, ಅಂದರೆ ವರ್ಷದ ಪುಕ್ಕ ಉದುರುವ ಕಾಲದವರೆಗೆ ಅಲ್ಲಿ ಹೊಸದು ಬರುವುದಿಲ್ಲ. ಆ ಕಾಲದಲ್ಲಿ ಮೈ ತುಂಬಾ ಸೂಜಿಪುಕ್ಕ ಇರುತ್ತೆ, ಬೂದಿಯ ಮೇಲೆ ಒಂದು ಕಣ್ಣಿಡಿ.

ಏಳು ಕೋಳಿ ಒಂದು ತಲೆನೋವು:

ಇಡುತ್ತೇನೆ. ತೊಡೆ ಮೇಲೆ ಈಗಲೂ ಕೂರುತ್ತಾಳೆ, ಆದರೆ ನಾನು ಕೈಯಲ್ಲಿ ಏನಾದರೂ ಸೊಪ್ಪು ಇಟ್ಟುಕೊಂಡಿರುತ್ತೇನೆ.

ಒಂದು ಮಾತ್ರ ಸರಿಹೋಗಿಲ್ಲ. ಕೆಂಚಿ ನನ್ನ ಕೈ ಕುಕ್ಕುವುದು ಜಾಸ್ತಿಯಾಗಿದೆ. ಮೂರು ದಿನದಿಂದ ಪೆಟ್ಟಿಗೆ ಬಿಟ್ಟು ಏಳುತ್ತಲೇ ಇಲ್ಲ. ಹತ್ತಿರ ಹೋದರೆ ಮೈ ಎಲ್ಲ ಉಬ್ಬಿಸಿ ತಟ್ಟೆಯಂತಾಗುತ್ತಾಳೆ, ಗಂಟಲಿನಿಂದ ಗುರ್ ಅಂತ ಏನೋ ಸದ್ದು. ದಿನಕ್ಕೆ ಒಂದೇ ಸಲ ಹೊರಗೆ ಬಂದು, ಗಬಗಬ ತಿಂದು, ಮತ್ತೆ ಓಡುತ್ತಾಳೆ. ಇನ್ನೂ ನನ್ನ ಮೇಲಿನ ಸಿಟ್ಟಾ?

ಹಳೇ ಹುಂಜ:

ಸಿಟ್ಟೂ ಅಲ್ಲ ಪಾಡೂ ಅಲ್ಲ. ಕೆಂಚಿ ಕಾವಿಗೆ ಕೂತಿದ್ದಾಳೆ ಅಕ್ಕಾ.

ದಪ್ಪ ಕೈಗವಸು ಹಾಕಿಕೊಂಡು ಹೊಟ್ಟೆ ಕೆಳಗೆ ಕೈ ಹಾಕಿ ನೋಡಿ. ಎದೆಯ ಪುಕ್ಕ ಉದುರಿ ಚರ್ಮ ಬೆಚ್ಚಗೆ ತಾಗಿದರೆ ಅನುಮಾನವೇ ಬೇಡ. ಕೆಳಗಿರುವ ಮೊಟ್ಟೆಯನ್ನೆಲ್ಲ ದಿನಾ ತೆಗೆಯಿರಿ. ಹುಂಜ ಇಲ್ಲದ ಮೊಟ್ಟೆಗೆ 21 ದಿನ ಅಲ್ಲ, 21 ವಾರ ಕೂತರೂ ಮರಿ ಬರುವುದಿಲ್ಲ. ಕಾವು ಬಿಡಿಸಬೇಕಾದರೆ ತಳಕ್ಕೆ ಜಾಲರಿ ಇರುವ ಪಂಜರದಲ್ಲಿ, ಹುಲ್ಲು ಹಾಕದೆ, ಕೆಳಗಿಂದ ಗಾಳಿ ಆಡುವ ಹಾಗೆ ಎತ್ತರದಲ್ಲಿ ಮೂರು ನಾಲ್ಕು ದಿನ ಇಡಿ. ಮೇವು, ನೀರು ಒಳಗೇ ಇರಲಿ.

ಏಳು ಕೋಳಿ ಒಂದು ತಲೆನೋವು:

ಕೈ ಹಾಕಿದೆ. ಬೆಚ್ಚಗಿದೆ. ಏಳು ಮೊಟ್ಟೆ ಇತ್ತು ಕೆಳಗೆ, ಜೊತೆಗೆ ಮಗನ ಒಂದು ಪಿಂಗ್‌ಪಾಂಗ್ ಚೆಂಡು.

ಚೆಂಡು ಅವಳ ಹತ್ತಿರವೇ ಬಿಟ್ಟು ಬಂದೆ. ಪಂಜರ ನಾಳೆ ಬೆಳಿಗ್ಗೆ.